ಜಡೆಯಿಲ್ಲದ ನದಿ

2014ರ ಮಾರ್ಚ್. ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಆಣೆಕಲ್ಲಿನ ಮಳೆ ಬಿದ್ದ ದಿನಗಳು. ನಾನಾಗ ತಿಕೋಟಾ ಭಾಗದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಪಾಠಗಳೆಲ್ಲ ಮುಗಿದಿದ್ದವು, ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ. ಹುಡುಗರನ್ನು ಒಂದು ತಾಸು ಹಿಡಿದು ಕೂರಿಸಬೇಕಲ್ಲ ಎಂದು ಬೇಂದ್ರೆಯವರ ‘ಗಂಗಾವತರಣ’ ಹಾಡಿಸಿದೆ. ಅದನ್ನು ಹಾಡಲು ಯಾರಿಗೂ ಕಲಿಸಬೇಕಾಗಿಲ್ಲ. ಒಬ್ಬ ಎತ್ತಿಕೊಂಡರೆ ಇಡೀ ತರಗತಿ ಕೂಡಿಕೊಳ್ಳುತ್ತದೆ. ಹಾಡು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ, ನಮ್ಮೂರು ಕನಮಡಿಯ ಹುಡುಗನೊಬ್ಬ ಎದ್ದು ನಿಂತ.

“ಸರ್, ತಾಯಿ ಮ್ಯಾಲಿಂದ ಇಳದ ಬಂದ್ರ ನಮ್ಮ ದ್ರಾಕ್ಷಿ ಏನಾಗತಾವ್ರಿ?”

ತರಗತಿ ನಕ್ಕಿತು. ನಾನೂ ನಕ್ಕೆ. “ಬಿದ್ದದ್ದು ಆಣೆಕಲ್ಲಪ್ಪಾ, ಇದು ಗಂಗಿ. ಎರಡೂ ಬ್ಯಾರೆ” ಅಂದೆ. ಅವನು ಕೂರಲಿಲ್ಲ. “ಗಂಗಿನೂ ಬರ್ಫದಾಗಿಂದನ ಬರತಾಳಂತ ಭೂಗೋಳದಾಗ ಐತಲ್ರಿ ಸರ್. ಎರಡೂ ಬರ್ಫನ ಅಲ್ರಿ?”

ಅವನ ಮನೆಯ ಪಡ ಹಿಂದಿನ ವಾರವೇ ಹೋಗಿತ್ತು ಎಂಬುದು ನನಗೆ ತಿಳಿದದ್ದು ಸಂಜೆ, ಬಸ್ ಸ್ಟ್ಯಾಂಡಿನಲ್ಲಿ. ಕೊಯ್ಲಿಗೆ ಬಂದ ಗೊಂಚಲುಗಳು ನೆಲಕ್ಕೆ ಬಿದ್ದು ಕೊಳೆಯುತ್ತಿದ್ದವಂತೆ. ನಾನು ನಕ್ಕದ್ದು ಅವತ್ತಿನಿಂದ ಮನಸ್ಸಿನಲ್ಲಿ ಕೂತಿದೆ. ಪ್ರಶ್ನೆಯೂ ಕೂತಿದೆ. ಅದಕ್ಕೆ ನಾನು ತರಗತಿಯಲ್ಲಿ ಕೊಟ್ಟ ಉತ್ತರ ತಪ್ಪು ಎಂದು ಈಗ ಗೊತ್ತು. ಸರಿಯಾದ ಉತ್ತರ ಏನು ಎಂದು ಹುಡುಕುತ್ತಾ ಹೋದಾಗ, ಒಂದು ಪದ್ಯವನ್ನು ನಾವು ಇಷ್ಟು ವರ್ಷ ಹೇಗೆ ಓದಿಕೊಂಡು ಬಂದಿದ್ದೇವೆ ಎಂಬುದೇ ಪ್ರಶ್ನೆಯಾಗಿ ನಿಂತಿತು.

ಮೊದಲು ಮಾತುಗಳ ವಿಷಯ. ಕನಮಡಿಯಲ್ಲಿ ಆಕಾಶದಿಂದ ಬೀಳುವ ಹೆಪ್ಪುಗಟ್ಟಿದ ನೀರು ಒಂದೇ, ಅದು ಆಣೆಕಲ್ಲು. ಅಂಗಡಿಯಲ್ಲಿ ಸಿಗುವುದು ಬರ್ಫ. ಪುಸ್ತಕದಲ್ಲಿ ಬರುವುದು ಹಿಮ. ಇನ್ನು ಮಂಜು ಎಂಬ ಶಬ್ದವಂತೂ ಹೇಗೆ ಬೇಕಾದರೂ ಬಗ್ಗುತ್ತದೆ: ಮಡಿಕೇರಿಯಲ್ಲಿ ಅದು ಕಾವಳ, ಬೆಳಗಿನ ಹುಲ್ಲಿನ ಮೇಲೆ ಇಬ್ಬನಿ, ಅನುವಾದದ ಕಾದಂಬರಿಯಲ್ಲಿ ಯುರೋಪಿನ ಚಳಿಗಾಲ. ಹಿಮ ಬೀಳುವುದು, ಗಟ್ಟಿಯಾಗುವುದು, ಒಂದರ ಮೇಲೊಂದು ಪದರವಾಗಿ ಕೂರುವುದು, ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಸರಿಯುವುದು, ಕೊನೆಗೆ ಕರಗುವುದು, ಇವಕ್ಕೆಲ್ಲ ನಮ್ಮ ಅನುಭವದಲ್ಲಿ ಬೇರೆ ಬೇರೆ ಮಾತುಗಳಿಲ್ಲ. ‘ಹಿಮನದಿ’ ಎಂಬುದು ಭೂಗೋಳದ ಪಠ್ಯಕ್ಕಾಗಿ ಕಟ್ಟಿದ ಪದ. ಅದು ಹಿಮದ ನದಿಯೋ ಹಿಮದಿಂದ ಹುಟ್ಟಿದ ನದಿಯೋ ಎಂದು ಎಷ್ಟೋ ವಿದ್ಯಾರ್ಥಿಗಳು ಗೊಂದಲಪಡುವುದನ್ನು ಕಂಡಿದ್ದೇನೆ. ಅವರ ತಪ್ಪಲ್ಲ.

ಹಿಮ ಕಾಣದ ನಾಡಿನ ಕವಿ ಹಿಮದ ನದಿಯನ್ನು ಕರೆದಾಗ ಅವನು ನಿಜಕ್ಕೂ ಕರೆಯುತ್ತಿರುವುದು ಯಾವ ನೀರನ್ನು?

‘ಗಂಗಾವತರಣ’ ಸಂಕಲನ ಬಂದದ್ದು 1951ರಲ್ಲಿ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರು. ಧಾರವಾಡದ ಬೇಂದ್ರೆ ಎಂದು ನಾವು ಎಷ್ಟು ಸಲ ಹೇಳುತ್ತೇವೆಂದರೆ ಸೊಲ್ಲಾಪುರದ ಈ ಹನ್ನೆರಡು ವರ್ಷ ಮರೆತೇಹೋಗುತ್ತವೆ. ಸೊಲ್ಲಾಪುರ ವಿಜಯಪುರದ ನೆರೆಯ ಊರು. ಅದೇ ಭೀಮಾ ಸೀಮೆ, ಅದೇ ಕರಿಮಣ್ಣು, ಅದೇ ಬಿಳಿಜೋಳ, ಮುಗಿಲು ನೋಡಿ ನೋಡಿ ಕತ್ತು ನೋಯಿಸಿಕೊಳ್ಳುವ ಅದೇ ಜನ. ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಕೆಲವೇ ದಿನಗಳಲ್ಲಿ ಬಿದ್ದು ಹೋಗುತ್ತದೆ. ಪದ್ಯ ಹುಟ್ಟಿದ ಗಳಿಗೆ ಯಾವುದೆಂದು ನಾನು ಹುಡುಕಲು ಹೋಗುವುದಿಲ್ಲ. ಸಂಕಲನ ಪುಸ್ತಕವಾಗಿ ಹೊರಬಂದಾಗ ಕವಿ ಬದುಕುತ್ತಿದ್ದ ನೆಲ ಮಾತ್ರ ಇಂಥದು.

ಪದ್ಯದ ಬಗ್ಗೆ ನಮ್ಮ ತರಗತಿಗಳಲ್ಲಿ ಎರಡು ವಿವರಣೆ ಓಡಾಡುತ್ತವೆ. ಒಂದು ಅಧ್ಯಾತ್ಮದ್ದು: ಬೇಂದ್ರೆಯವರ ಮೇಲೆ ಅರವಿಂದರ ಪ್ರಭಾವವಿತ್ತು, ಆದ್ದರಿಂದ ಇದು ಮೇಲಿನ ಶಕ್ತಿ ಕೆಳಗಿಳಿಯುವ, ಕೃಪೆ ಅವತರಿಸುವ ಪದ್ಯ. ಇನ್ನೊಂದು ತಾಯಿಯದು: ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲೇ ತಾಯಿಯನ್ನು ಇಟ್ಟುಕೊಂಡ ಕವಿ ನದಿಯನ್ನು ತಾಯಿಯೆಂದು ಕರೆಯುತ್ತಿದ್ದಾನೆ. ಎರಡೂ ಸುಳ್ಳಲ್ಲ. ಆದರೆ ಎರಡರಲ್ಲೂ ನೀರಿಲ್ಲ. ನಾನು ಬಹಳ ವರ್ಷ ಮೂರನೆಯ ವಿವರಣೆಯೊಂದನ್ನು ಇಟ್ಟುಕೊಂಡಿದ್ದೆ, ಅದರ ಬಗ್ಗೆ ಒಂದಿಷ್ಟು ಹೆಮ್ಮೆಯೂ ಇತ್ತು: ಇದು ಗಂಗೆಯ ಹೆಸರಿನಲ್ಲಿ ಬರೆದ ಮಳೆಯ ಪದ್ಯ. ಇಳಿದು ಬಾ ಎಂದು ಮುಗಿಲಿಗೆ ಹೇಳುತ್ತಾರೆ, ಪರ್ವತಕ್ಕಲ್ಲ. ಬರದ ನಾಡಿನ ಮನುಷ್ಯ ಮಳೆಗಾಗಿ ಮೊರೆಯಿಟ್ಟಿದ್ದಾನೆ, ಗಂಗೆ ನೆಪ ಮಾತ್ರ. ಹಿಮಾಲಯ, ಹಿಮ, ಕರಗುವಿಕೆ ಯಾವುದೂ ಈ ಪದ್ಯಕ್ಕೆ ಬೇಕಾಗಿಲ್ಲ. ಕನ್ನಡ ಕಾವ್ಯಕ್ಕೇ ಬೇಕಾಗಿಲ್ಲ.

ಈ ವಾದಕ್ಕೆ ಪುಷ್ಟಿ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ಬಸವಣ್ಣನವರ ಅಂಕಿತದಲ್ಲಿರುವ ಸಂಗಮ ಕೃಷ್ಣೆ-ಮಲಪ್ರಭೆಯರದು, ಎರಡೂ ಸಹ್ಯಾದ್ರಿಯ ಮಳೆಯಿಂದ ತುಂಬುವ ಹೊಳೆಗಳು. ಪಂಪನ ಅರ್ಜುನ ತಪಸ್ಸಿಗೆಂದು ಇಂದ್ರಕೀಲಕ್ಕೆ ಹೋಗುತ್ತಾನೆ. ಆದರೆ ಅಲ್ಲಿ ಅವನಿಗೆ ಎದುರಾಗುವುದು ಕಿರಾತರೂಪದ ಶಿವನೇ ಹೊರತು ಚಳಿಯಲ್ಲ. ಹೊಸಕಾಲದಲ್ಲಿ ಭೈರಪ್ಪನವರ ‘ಪರ್ವ’ (1979) ಬಂದಾಗ ಹಿಮಾಲಯದಲ್ಲಿ ಚಳಿ, ಮನೆ, ಮದುವೆಯ ಕಟ್ಟಳೆ ಇರುವ ಮನುಷ್ಯರು ಕಾಣಿಸಿದರು. ಅದು ಗದ್ಯ, ಮತ್ತು ಅದರ ಗಮನ ನೀರಿನ ಮೇಲಿಲ್ಲ.

ಕಾಳಿದಾಸನನ್ನು ಒಂದು ಮಾತಿಗೆ ತರಬೇಕು. ‘ಕುಮಾರಸಂಭವ’ದ ಆರಂಭದಲ್ಲಿ ಅವನು ಹಿಮವಂತನನ್ನು ಹೊಗಳುತ್ತಾನೆ. ಅಷ್ಟೊಂದು ರತ್ನಗಳ ಬೆಟ್ಟಕ್ಕೆ ಹಿಮ ಒಂದು ಕೊರತೆಯಲ್ಲ, ಗುಣಗಳ ರಾಶಿಯಲ್ಲಿ ಒಂದು ದೋಷ ಮುಚ್ಚಿಹೋಗುತ್ತದೆ ಎಂಬರ್ಥದ ಮಾತು ಅಲ್ಲಿದೆ. ಎಷ್ಟು ವಿಚಿತ್ರ ನೋಡಿ. ಬೆಟ್ಟಕ್ಕೆ ಹೆಸರು ಬಂದದ್ದೇ ಹಿಮದಿಂದ, ಆದರೆ ಕವಿಗೆ ಅದು ಕ್ಷಮಿಸಬೇಕಾದ ದೋಷ! ರತ್ನ, ಔಷಧಿ, ಭೂರ್ಜಪತ್ರ ಎಲ್ಲ ಸಂಪತ್ತು. ನೀರನ್ನು ಹಿಡಿದಿಟ್ಟ ಹಿಮ ಮಾತ್ರ ಕಲೆ. ಬೇಂದ್ರೆಯವರು ಕನ್ನಡಿಸಿದ ‘ಮೇಘದೂತ’ದಲ್ಲೂ ಮೋಡ ಗಂಗೆಯ ತವರಾದ ಹಿಮದ ಬೆಟ್ಟದವರೆಗೆ ಹೋಗಿ ಅಲ್ಲಿ ದಣಿವಾರಿಸಿಕೊಳ್ಳುತ್ತದೆ. ಮಳೆ ಹಿಮದ ಮನೆಗೆ ನೆಂಟನಾಗಿ ಹೋಗುವ ಆ ಚಿತ್ರ ನನಗೆ ಬಹಳ ಪ್ರಿಯ. ಹಿಮದಿಂದ ನೀರು ಹೊರಡುವ ಚಿತ್ರ ಮಾತ್ರ ಅಲ್ಲಿ ನನಗೆ ಸಿಗಲಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿಕೊಂಡು, ನನ್ನ ವಾದ ಗಟ್ಟಿಯಾಯಿತೆಂದುಕೊಂಡು, ಒಂದು ಮೇ ತಿಂಗಳ ರಜೆಯಲ್ಲಿ ಗಂಗೋತ್ರಿಗೆ ಹೋದೆ. ಹೋದದ್ದು ವಿಮರ್ಶೆಗಾಗಿ ಅಲ್ಲ, ಅವ್ವನ ಹರಕೆಗಾಗಿ. ಅವ್ವ ಗಂಗೋತ್ರಿಯಲ್ಲಿ ಉಳಿದಳು, ನಾನು ಗೋಮುಖದವರೆಗೆ ನಡೆದೆ.

ಗಂಗೋತ್ರಿಯ ಗುಡಿ ಇರುವುದು 3,100 ಮೀಟರಿನ ಸುಮಾರಿಗೆ. ಅಲ್ಲಿಂದ ಗೋಮುಖ 18 ಕಿಲೋಮೀಟರ್, ಎತ್ತರ 4,000 ಮೀಟರಿಗೆ ಸಮೀಪ. ದಾರಿಯಲ್ಲಿ ಚೀಡಬಾಸಾ, ಭೋಜಬಾಸಾ ಎಂಬ ತಂಗುದಾಣಗಳು. ಭೋಜಬಾಸಾ ಎಂದರೆ ಭೂರ್ಜವೃಕ್ಷಗಳ ತಾಣ. ಕಾಳಿದಾಸ ಸಂಪತ್ತೆಂದು ಎಣಿಸಿದ್ದ ಮರಗಳು ಇವೇ. ತೊಗಟೆ ಕಾಗದದ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಮುಟ್ಟಿ ನೋಡಿದೆ. ಓಲೆಗರಿಯ ನಾಡಿನವನಿಗೆ ಬರಹಕ್ಕೆ ಬೇರೊಂದು ಚರ್ಮವಿತ್ತೆಂದು ಅರಿವಾಗಲು ಇಷ್ಟು ದೂರ ಬರಬೇಕಾಯಿತು.

ಭೋಜಬಾಸಾದಲ್ಲಿ ರಾತ್ರಿ ಕಳೆದೆವು. ಬೆಳಿಗ್ಗೆ ಐದಕ್ಕೇ ನಮ್ಮ ಮಾರ್ಗದರ್ಶಿ ಎಬ್ಬಿಸಿದ. ಮಧ್ಯದಲ್ಲಿ ಅಡ್ಡ ಬರುವ ಸಣ್ಣ ತೊರೆಗಳನ್ನು ಬೆಳಿಗ್ಗೆಯೇ ದಾಟಬೇಕು, ಮಧ್ಯಾಹ್ನ ನೀರು ಏರುತ್ತದೆ ಎಂದ. ಮೋಡವೇ ಇಲ್ಲವಲ್ಲ ಎಂದೆ. ಅವನು ನನ್ನ ಮುಖ ನೋಡಿ, ಬಿಸಿಲು ಬರುತ್ತದಲ್ಲ ಎಂದ.

ಬಿಸಿಲು ಬಂದರೆ ನೀರು ಏರುತ್ತದೆ. ಈ ಮಾತು ಒಳಗಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮಲ್ಲಿ ಬಿಸಿಲು ನೀರಿನ ವೈರಿ. ಕೆರೆಯನ್ನು ಹೀರುವುದು, ಬಾವಿಯನ್ನು ಇಂಗಿಸುವುದು, ಜೋಳದ ದಂಟನ್ನು ಒಣಗಿಸುವುದು ಬಿಸಿಲು. ಇಲ್ಲಿ ನೋಡಿದರೆ ಬಿಸಿಲೇ ನೀರು ಬಿಡುವ ಧಣಿ. ಬೆಳಗಿನ ಜಾವ ಮೊಣಕಾಲಿಗಿಂತ ಕೆಳಗಿದ್ದ ತೊರೆ ಮರಳುವಾಗ, ಮಧ್ಯಾಹ್ನ ಮೂರರ ಹೊತ್ತಿಗೆ, ತೊಡೆಯ ಮೇಲಕ್ಕೆ ಬಂದಿತ್ತು. ಒಂದು ಹನಿ ಮಳೆಯಿಲ್ಲ. ಹಗಲೆಲ್ಲ ಕಾದ ಹಿಮ ಸಂಜೆಗೆ ನೀರಾಗಿ ಬರುತ್ತದೆ, ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ತೊರೆ ಕುಗ್ಗುತ್ತದೆ. ದಿನಕ್ಕೊಂದು ಉಸಿರು. ವರ್ಷದ ಲೆಕ್ಕವೂ ಇದೇ: ಜನವರಿ-ಫೆಬ್ರುವರಿಯಲ್ಲಿ ಭಾಗೀರಥಿ ಅತ್ಯಂತ ಬಡವಿ, ಏಪ್ರಿಲ್-ಮೇದಲ್ಲಿ ಚಳಿಗಾಲದ ಹಿಮ ಕರಗಲು ಶುರು, ಅದು ಮುಗಿಯುತ್ತ ಬಂದಂತೆ ಮಳೆಗಾಲದ ತಿಂಗಳುಗಳಲ್ಲಿ ಹಿಮನದಿಯ ಹಳೆಯ ಗಟ್ಟಿ ಹೆಪ್ಪು ಕರಗುತ್ತದೆ. ನಮ್ಮ ಹೊಳೆ ಸಾಯುವ ತಿಂಗಳಲ್ಲೇ ಅಲ್ಲಿಯ ಹೊಳೆ ಹುಟ್ಟುತ್ತದೆ.

ತಪಸ್ಸು ಎಂಬ ಶಬ್ದದ ಬೇರಿನಲ್ಲಿ ಕಾಯುವುದು, ಸುಡುವುದು ಇದೆ ಎಂದು ಎಷ್ಟು ಸಲ ಪಾಠ ಮಾಡಿಲ್ಲ! ವಾಲ್ಮೀಕಿಯ ಬಾಲಕಾಂಡದಲ್ಲಿ ಭಗೀರಥ ಪಂಚಾಗ್ನಿಯ ನಡುವೆ ನಿಂತು ತಪಸ್ಸು ಮಾಡುತ್ತಾನೆ. ಸುತ್ತ ನಾಲ್ಕು ಬೆಂಕಿ, ತಲೆಯ ಮೇಲೆ ಸೂರ್ಯ. (ಮಾಡಿದ ಜಾಗ ಗೋಕರ್ಣ ಎನ್ನುತ್ತಾನೆ ವಾಲ್ಮೀಕಿ. ಅದು ನಮ್ಮ ಉತ್ತರ ಕನ್ನಡದ ಗೋಕರ್ಣವೇ ಎನ್ನುವವರಿದ್ದಾರೆ, ಹಿಮಾಲಯದಲ್ಲಿ ಹುಡುಕುವವರೂ ಇದ್ದಾರೆ. ಜಗಳ ನನಗೆ ಬೇಡ.) ಕಾವಿನಿಂದ ನದಿ ಇಳಿಯಿತು ಎಂಬುದು ನನಗೆ ಅಲ್ಲಿಯವರೆಗೆ ಪುರಾಣದ ಮಾತಾಗಿತ್ತು. ತೊಡೆಮಟ್ಟದ ತಣ್ಣೀರಿನಲ್ಲಿ ಮಾರ್ಗದರ್ಶಿಯ ಕೈ ಹಿಡಿದು ನಿಂತಾಗ ಅದು ವರದಿಯ ಹಾಗೆ ಕೇಳಿಸಿತು.

ಗೋಮುಖ ನೋಡಲು ಸುಂದರವಲ್ಲ. ಕ್ಯಾಲೆಂಡರಿನ ಬಿಳುಪು ಅಲ್ಲಿಲ್ಲ. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ಮೂತಿ ಅದು. ಕಲ್ಲು, ಮಣ್ಣು, ಬೂದಿ ಮೆತ್ತಿಕೊಂಡು ಕೊಳಕಾಗಿದೆ. ಒಡೆದ ಜಾಗದಲ್ಲಿ ಮಾತ್ರ ನೀಲಿ-ಹಸಿರು ಹೊಳಪು. ಅದರ ಬುಡದ ಸಂದಿಯಿಂದ ಭಾಗೀರಥಿ ಹೊರಬರುತ್ತಾಳೆ. ನೀರು ತಿಳಿಯಲ್ಲ, ನುಣ್ಣಗೆ ಅರೆದ ಕಲ್ಲಿನ ಹಿಟ್ಟು ಬೆರೆತು ಮಜ್ಜಿಗೆಯ ಬಣ್ಣ. ಮೇಲಿನಿಂದ ಧುಮುಕುವ ಧಾರೆಯೂ ಅಲ್ಲ. ಹೆಪ್ಪಿನ ಅಡಿಯಲ್ಲಿ ಎಲ್ಲೋ ಕತ್ತಲಲ್ಲಿ ದಾರಿ ಮಾಡಿಕೊಂಡು, ಬಿರುಕಿನಿಂದ, ಸಂದಿಯಿಂದ, ಹೇಗೋ ನುಸುಳಿಕೊಂಡು…

ನುಸುಳಿ. ಆ ಶಬ್ದ ಬಾಯಿಗೆ ಬಂದೊಡನೆ ನಾನು ಕಲ್ಲಿನ ಮೇಲೆ ಕೂತೆ. ಅದು ನನ್ನ ಶಬ್ದವಲ್ಲ, ಪದ್ಯದ್ದು.

ಬೇಂದ್ರೆಯವರು ಗಂಗೆ ಬರಬೇಕಾದ ಮೂರು ತಾಣಗಳನ್ನು ಹೆಸರಿಸುತ್ತಾರೆ: ಹರಿಯ ಪಾದ, ಹರನ ಜಡೆ, ಜಹ್ನು ಋಷಿಯ ತೊಡೆ. ಅಲ್ಲಿಂದ ಬರುವುದಕ್ಕೆ ಅವರು ಬಳಸಿದ ಕ್ರಿಯಾಪದ ‘ನುಸುಳು’. ಧುಮುಕು ಅಲ್ಲ, ಸುರಿ ಅಲ್ಲ, ಭೋರ್ಗರೆ ಅಲ್ಲ. ನುಸುಳುವುದು ಎಂದರೆ ಇಕ್ಕಟ್ಟಾದ ಜಾಗದಿಂದ ಮೈ ಹಿಂಡಿಕೊಂಡು ಹೊರಬರುವುದು. ಮಳೆಗೆ ಯಾರೂ ನುಸುಳಿ ಬಾ ಎನ್ನುವುದಿಲ್ಲ. ಹೆಪ್ಪಿನೊಳಗೆ ಸಿಕ್ಕಿಕೊಂಡ ನೀರಿಗೆ ಹೇಳಬೇಕಾದ ಮಾತು ಅದು. ನೂರಾರು ಸಲ ಹಾಡಿಸಿದ್ದೆ, ಒಂದು ಸಲವೂ ಕೇಳಿಸಿರಲಿಲ್ಲ. ಮಳೆಯ ಪದ್ಯ ಎಂಬ ನನ್ನ ಹೆಮ್ಮೆಯ ವಾದ ಅಲ್ಲೇ ಗೋಮುಖದಲ್ಲಿ ನೀರುಪಾಲಾಯಿತು.

ಏಕೆ ಕೇಳಿಸಿರಲಿಲ್ಲ? ತಪ್ಪಿನ ಒಂದು ಪಾಲು ನಾವು ಅದನ್ನು ಹಾಡುವ ರೀತಿಯಲ್ಲಿದೆ ಅಂದುಕೊಂಡಿದ್ದೇನೆ. ಪದ್ಯದ ಕಟ್ಟಡ ಗಮನಿಸಿ. ಅದೆಲ್ಲ ನಿಂತಿರುವುದು ‘ಬಾ’ ಎಂಬ ಒಂದೇ ಅಕ್ಷರದ ಮೇಲೆ. ಅದರ ಹಿಂದೆ ಒಂದೊಂದಾಗಿ ಕ್ರಿಯೆಗಳು ಜೋಡಣೆಯಾಗುತ್ತವೆ: ಅದನ್ನು ಮಾಡಿ ಬಾ, ಇದನ್ನು ಮುಗಿಸಿ ಬಾ. ಕನ್ನಡ ವ್ಯಾಕರಣದ ಈ ಸೌಕರ್ಯವನ್ನು ಬೇಂದ್ರೆಯವರಷ್ಟು ಚೆನ್ನಾಗಿ ದುಡಿಸಿಕೊಂಡವರು ಕಡಿಮೆ. ಬರುವುದು ಒಂದು ಸಲ, ಆದರೆ ಬರುವ ಮುನ್ನ ಮಾಡಬೇಕಾದ ಕೆಲಸಗಳ ಸಾಲು ದೊಡ್ಡದು. ಅಂದರೆ ಪದ್ಯದ ಅರ್ಥ ತಡದಲ್ಲಿದೆ, ಬರುವ ಮೊದಲಿನ ಹಂತಗಳಲ್ಲಿದೆ. ಗುಂಪಿನಲ್ಲಿ ಹಾಡುವಾಗ ಏನಾಗುತ್ತದೆ? ಚಪ್ಪಾಳೆಯ ಪೆಟ್ಟು ಪ್ರತಿ ಸಲ ‘ಬಾ’ದ ಮೇಲೇ ಬೀಳುತ್ತದೆ. ಹಿಂದಿನ ಕ್ರಿಯಾಪದಗಳು ಆ ಪೆಟ್ಟಿಗೆ ಓಡಿ ಬರುವ ಮೆಟ್ಟಿಲಾಗಿಬಿಡುತ್ತವೆ. ಹೀಗೆ ನಿಧಾನದ ಪದ್ಯವೊಂದು ಅವಸರದ ಮೊರೆಯಾಗಿ ನಮ್ಮ ಕಿವಿಗೆ ತಲುಪಿದೆ.

ಪುರಾಣದಲ್ಲೂ ಮುಖ್ಯವಾದದ್ದು ಬೀಳುವುದಲ್ಲ, ತಡ. ಸ್ವರ್ಗದಿಂದ ಬೀಳುವ ಗಂಗೆಯನ್ನು ಭೂಮಿ ತಾಳಲಾರದು ಎಂದೇ ಶಿವ ತಲೆಯೊಡ್ಡುತ್ತಾನೆ. ವಾಲ್ಮೀಕಿಯಲ್ಲಿ ಅವಳು ಜಡೆಯ ಕಾಡಿನಲ್ಲಿ ದಾರಿ ಸಿಗದೆ ಬಹುಕಾಲ ಅಲೆಯುತ್ತಾಳೆ. ಭಗೀರಥ ಮತ್ತೆ ತಪಸ್ಸು ಮಾಡಿದ ಮೇಲೆ ಶಿವ ಅವಳನ್ನು ಬಿಂದುಸರೋವರದ ಕಡೆಗೆ ಬಿಡುತ್ತಾನೆ, ಆಗ ಏಳು ಕವಲಾಗಿ ಹರಿಯುತ್ತಾಳೆ. ಜಡೆ ಎಂದರೆ ಹಿಮನದಿ ಎಂದು ಸಮೀಕರಣ ಬರೆದು ಪುರಾಣವನ್ನು ವಿಜ್ಞಾನವಾಗಿಸುವ ಉತ್ಸಾಹ ನನಗಿಲ್ಲ, ಆ ಬಗೆಯ ಲೇಖನಗಳನ್ನು ಓದಿದರೆ ಮೈ ಉರಿಯುತ್ತದೆ. ಹೇಳುವುದಿಷ್ಟೇ: ನೀರು ಬರುವುದಕ್ಕಿಂತ ನೀರು ತಡೆದು ಬರುವುದು ದೊಡ್ಡದು ಎಂಬ ತಿಳಿವು ಆ ಕಥೆ ಕಟ್ಟಿದವರಿಗಿತ್ತು.

ಜಡೆ ಸಡಿಲಾದರೆ ಏನಾಗುತ್ತದೆಂದು 2013ರ ಜೂನ್ 16 ಮತ್ತು 17ರಂದು ಕೇದಾರದಲ್ಲಿ ನೋಡಿದೆವು. ಎಡೆಬಿಡದ ಮಳೆ, ಕರಗುವ ಹಿಮ, ಮೇಲೆ ಚೋರಾಬಾರಿ ಹಿಮನದಿಯ ಬಳಿ ಕಲ್ಲುಮಣ್ಣಿನ ದಿಬ್ಬ ತಡೆದು ನಿಲ್ಲಿಸಿದ್ದ ಸರೋವರ. ದಿಬ್ಬ ಒಡೆಯಿತು, ಮಂದಾಕಿನಿ ಊರುಗಳನ್ನು ಕೊಚ್ಚಿಕೊಂಡು ಹೋದಳು. ಸಾವಿರಾರು ಜನ ಸತ್ತರು. ಇಳಿದು ಬಂದವಳು ಅದೇ ತಾಯಿ. ಆ ಹುಡುಗ ನನ್ನನ್ನು ಕೇಳಿದ್ದು ಇದಾಗಿ ಒಂಬತ್ತು ತಿಂಗಳ ಮೇಲೆ. ಟಿವಿಯಲ್ಲಿ ಅವನೂ ಅದನ್ನೆಲ್ಲ ನೋಡಿರಲೇಬೇಕು. ಗಂಗೋತ್ರಿ ಹಿಮನದಿ ವರ್ಷಕ್ಕೆ ಸುಮಾರು 20 ಮೀಟರಿನಷ್ಟು ಹಿಂದೆ ಸರಿಯುತ್ತಿದೆ. ನಾನು ಕೂತ ಕಲ್ಲು ನನ್ನಜ್ಜನ ಕಾಲದಲ್ಲಿ ಹಿಮದ ಅಡಿಯಲ್ಲಿದ್ದಿರಬೇಕು.

ನನ್ನ ಹಳೆಯ ವಾದವನ್ನು ಪೂರ್ತಿ ಬಿಟ್ಟುಕೊಟ್ಟೆನೇ? ಇಲ್ಲ. ದೇವಪ್ರಯಾಗದಲ್ಲಿ ಅಲಕನಂದೆ ಕೂಡಿದ ಮೇಲೆ ಅವಳಿಗೆ ಗಂಗೆ ಎಂದು ಹೆಸರು. ಅಲ್ಲಿಯ ನೀರಿನಲ್ಲಿ, ವರ್ಷದ ಒಟ್ಟು ಲೆಕ್ಕ ಹಿಡಿದರೆ, ಹಿಮ ಕರಗಿದ ಪಾಲು ಮೂರರಲ್ಲಿ ಒಂದಕ್ಕೆ ಹತ್ತಿರ. ಬಯಲಿಗಿಳಿದ ಮೇಲಂತೂ ಅವಳು ಹೆಚ್ಚಾಗಿ ಮಳೆಯ ನದಿಯೇ, ಸಿಂಧುವಿನ ಹಾಗೆ ಹಿಮವನ್ನು ಅಷ್ಟೊಂದು ನೆಚ್ಚಿಕೊಂಡವಳಲ್ಲ. ಆದರೆ ಬೇಸಿಗೆಯಲ್ಲಿ, ಮಳೆ ಇಲ್ಲದ ತಿಂಗಳಲ್ಲಿ, ಬೆಟ್ಟದ ನದಿಯನ್ನು ಬದುಕಿಸುವುದು ಆ ಮೂರನೆಯ ಪಾಲು. ಬೇಂದ್ರೆಯವರ ಗಂಗೆಯಲ್ಲೂ ಮಳೆ ಹೆಚ್ಚು, ಹಿಮ ಕಡಿಮೆ. ಆ ಒಂದು ಕ್ರಿಯಾಪದದಲ್ಲಿ ಇರುವಷ್ಟು ಕಡಿಮೆ. ಅಷ್ಟನ್ನು ಬಿಟ್ಟು ಓದಿದರೆ ಮಾತ್ರ ಪದ್ಯ ಬೇಸಿಗೆಯ ಹೊಳೆಯ ಹಾಗೆ ಬತ್ತುತ್ತದೆ.

ಈಗ ನಮ್ಮ ಹೊಳೆಗೆ ಬರುತ್ತೇನೆ. ಡೋಣಿ. ಗಡಿಯಾಚೆ ಜತ್ತ ಸೀಮೆಯಲ್ಲಿ ಹುಟ್ಟಿ, ನಮ್ಮ ಜಿಲ್ಲೆಯ ಕರಿಮಣ್ಣಿನಲ್ಲಿ ಹಾದು, ಕೃಷ್ಣೆಯನ್ನು ಸೇರುತ್ತದೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆ ಊರೂರಿಗೆ ಸ್ವಲ್ಪ ಮಾತು ಬದಲಿಸಿಕೊಂಡು ಓಡಾಡುತ್ತದೆ. ಬೇಸಿಗೆಯಲ್ಲಿ ನೋಡಿದರೆ ಬಿರಿದ ಮಣ್ಣು, ಜಾಲಿ, ಅಲ್ಲಲ್ಲಿ ಸವುಳು ನೀರು. ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯಲ್ಲಿ ಉಕ್ಕಿ ಸೇತುವೆಯ ಮೇಲೆ ಹರಿದು, ತೊಗರಿಯನ್ನು ಹೂಳಿನಲ್ಲಿ ಮುಚ್ಚಿ, ನಾಲ್ಕು ದಿನಕ್ಕೆ ಇಳಿದುಹೋಗುತ್ತದೆ. ಬಂದದ್ದೆಲ್ಲ ಒಮ್ಮೆಗೇ ಬರುತ್ತದೆ, ಒಮ್ಮೆಗೇ ಹೋಗುತ್ತದೆ. ತಲೆಯ ಮೇಲೆ ಹಿಡಿದುಕೊಳ್ಳುವವರು ಯಾರೂ ಇಲ್ಲ. ಜಡೆಯಿಲ್ಲದ ನದಿ.

ಅದಕ್ಕೇ ಇರಬೇಕು, ನಮ್ಮ ಸೀಮೆಯ ಹೆಣ್ಣುಮಕ್ಕಳ ಹಾಡುಗಳಿಗೆ ಜಡೆಯ ಮೇಲೆ ಅಷ್ಟು ಕಣ್ಣು. ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಈ ಭೀಮಾ ತೀರದ ಬಾಯಿಮಾತಿನ ಹಾಡುಗಳನ್ನು ಕೂಡಿಸಿ ‘ಗರತಿಯ ಹಾಡು’ ತಂದದ್ದು 1931ರಲ್ಲಿ. ಆ ಸಂಗ್ರಹದಾಚೆಗೂ ಕರ್ನಾಟಕದ ಉದ್ದಗಲಕ್ಕೆ ಗಂಗೆ-ಗೌರಿಯರ ಜಗಳದ ಹಾಡುಗಳಿವೆ. ಅಲ್ಲಿ ಗಂಗೆ ಅವತರಿಸುವುದಿಲ್ಲ. ಅವಳು ಸವತಿ. ಶಿವ ಅವಳನ್ನು ಜಡೆಯಲ್ಲಿ ಬಚ್ಚಿಟ್ಟುಕೊಂಡು ಮನೆಗೆ ಬರುತ್ತಾನೆ. ಜಡೆ ಏಕೆ ಒದ್ದೆ ಎಂದು ಗೌರಿ ಹಿಡಿದು ಕೇಳುತ್ತಾಳೆ, ಅವನು ಏನೇನೋ ನೆಪ ಹೇಳುತ್ತಾನೆ. ನನ್ನಜ್ಜಿ ಬೀಸುವಾಗ ಹೇಳುತ್ತಿದ್ದ ಪಾಠದಲ್ಲಿ ಗೌರವ್ವನ ಬೈಗುಳವೇ ಹೆಚ್ಚು. ಇದನ್ನು ನಾವು ಸಂಸಾರದ ಹಾಸ್ಯ ಎಂದು ವಿವರಿಸಿ ಮುಂದೆ ಹೋಗುತ್ತೇವೆ. ಆದರೆ ನೋಡಿ, ಜಡೆ ನೀರನ್ನು ಬಚ್ಚಿಡುವ ಜಾಗ, ಅಲ್ಲಿಂದ ಅದು ಹನಿಹನಿಯಾಗಿ ಸೋರಿ ಗುಟ್ಟು ಬಿಟ್ಟುಕೊಡುತ್ತದೆ ಎಂಬುದನ್ನು ಹಿಡಿದವರು ಗರತಿಯರು. ಹಿಮದ ಭೂಗೋಳಕ್ಕೆ ನಮ್ಮ ಪಂಡಿತಕಾವ್ಯಕ್ಕಿಂತ ಬೀಸುಕಲ್ಲಿನ ಹಾಡು ಹತ್ತಿರವಿದೆ.

ವಿಜಯಪುರದಿಂದ ತಿಕೋಟಾಕ್ಕೆ ಬರುವ ದಾರಿಯಲ್ಲಿ ತೊರವೆ ಸಿಗುತ್ತದೆ. ಕುಮಾರವಾಲ್ಮೀಕಿ ಎಂದು ಕರೆದುಕೊಂಡ ಕವಿ ಸುಮಾರು 1500ರ ಹೊತ್ತಿಗೆ ರಾಮಾಯಣವನ್ನು ಭಾಮಿನಿ ಷಟ್ಪದಿಗೆ ತಂದದ್ದು ಅಲ್ಲಿ, ತೊರವೆಯ ನರಸಿಂಹನ ಎದುರಿಗೆ. ಮುಂದೆ ಆದಿಲಶಾಹಿಗಳು ವಿಜಯಪುರ ನಗರಕ್ಕೆ ಕುಡಿಯುವ ನೀರು ಒಯ್ದದ್ದೂ ಅದೇ ತೊರವೆಯಿಂದ, ನೆಲದಡಿಯ ಸುರಂಗದಲ್ಲಿ. ಸುರಂಗ ಬಾವಡಿ ಇಂದಿಗೂ ಇದೆ. ನೆಲದೊಳಗೆ ಇಂಗಿದ ನೀರು ಕತ್ತಲಲ್ಲೇ ನುಸುಳಿ ಊರು ಸೇರುತ್ತಿತ್ತು. ಹಿಮವಿಲ್ಲದ ನಾಡಿನಲ್ಲಿ ಜಡೆಯನ್ನು ನೆಲದ ಕೆಳಗೆ ಕಟ್ಟಿದ್ದರು. ಕಾವ್ಯ ಮತ್ತು ಸುರಂಗ ಎರಡೂ ಒಂದೇ ಊರಿನವು ಎಂದು ತರಗತಿಯಲ್ಲಿ ನಾನು ಯಾವತ್ತೂ ಜೋಡಿಸಿ ಹೇಳಿರಲಿಲ್ಲ. ಕನ್ನಡದ ಮೇಷ್ಟ್ರಿಗೆ ಸುರಂಗ ಇತಿಹಾಸದ ವಿಷಯ, ಇತಿಹಾಸದ ಮೇಷ್ಟ್ರಿಗೆ ಷಟ್ಪದಿ ಕನ್ನಡದ ವಿಷಯ.

ಈಗ ಬಬಲೇಶ್ವರ-ತಿಕೋಟಾ ಭಾಗಕ್ಕೆ ನೀರು ಬರುವುದು ಇಳಿದಲ್ಲ, ಏರಿ. ತುಬಚಿ-ಬಬಲೇಶ್ವರ ಏತ ನೀರಾವರಿಯ ಪಂಪುಗಳು ಕೃಷ್ಣೆಯನ್ನು ಕೆಳಗಿನಿಂದ ಎತ್ತಿ ತಂದು ಕೆರೆಗಳಿಗೆ ತುಂಬುತ್ತವೆ. ಅವತರಣದ ಪದ್ಯಗಳೇ ತುಂಬಿದ ನಮ್ಮ ಸಾಹಿತ್ಯದಲ್ಲಿ ಏರುವ ನದಿಗೆ ಇನ್ನೂ ಒಳ್ಳೆಯ ಪದ್ಯವಿಲ್ಲ. ಉದ್ಘಾಟನೆಯ ದಿನ ಬ್ಯಾನರಿನ ಮೇಲೆ ಬರುವುದೂ ಭಗೀರಥನ ಹೆಸರೇ. ಅವನು ಇಳಿಸಿದವನು, ಇವರು ಏರಿಸಿದವರು ಎಂಬ ವ್ಯತ್ಯಾಸ ಯಾರಿಗೂ ಹೊಳೆದಂತಿಲ್ಲ. ಹೊಳೆದಿದ್ದರೆ ಏತದ ದಂಡದ ಮೇಲೆ ನಡೆದಾಡುತ್ತ ಹಾಡುತ್ತಿದ್ದವರ ನೆನಪಾದರೂ ಆಗುತ್ತಿತ್ತು.

ಹೋದ ವರ್ಷ ಆ ಹುಡುಗ ಸಿಕ್ಕಿದ್ದ. ಹುಡುಗ ಎಂದರೆ ತಪ್ಪು, ಮದುವೆಯಾಗಿದೆ, ಎರಡು ಎಕರೆ ದ್ರಾಕ್ಷಿ, ಮಣೂಕದ ಶೆಡ್ಡು. ಪಡದ ತುದಿಯಲ್ಲಿ ಪ್ಲಾಸ್ಟಿಕ್ ಹಾಸಿದ ದೊಡ್ಡ ಕೃಷಿ ಹೊಂಡ. ದಂಡೆಯ ಮೇಲೆ ನಿಂತು ನನ್ನ ತಡವಾದ ಉತ್ತರ ಹೇಳಿದೆ: ಆಣೆಕಲ್ಲೂ ಗಂಗೆಯೂ ಎರಡೂ ಬರ್ಫವೇ, ನೀನಂದದ್ದು ಖರೆ, ಆದರೆ ಒಂದನ್ನು ಯಾರೋ ಹಿಡಿದು ನಿಧಾನ ಮಾಡಿದ್ದಾರೆ, ಇನ್ನೊಂದನ್ನು ಹಿಡಿಯುವವರಿಲ್ಲ. ನುಸುಳಿ ಎಂಬ ಶಬ್ದದ ಬಗ್ಗೆಯೂ ಹೇಳಿದೆ. ಅವನು ಹೊಂಡದ ಬದಿಯ ಪೈಪಿನ ವಾಲ್ವು ಅರ್ಧ ತಿರುಗಿಸುತ್ತಾ ಕೇಳಿಸಿಕೊಂಡ. ಕೆಳಗೆ ಸಾಲುಗಳಲ್ಲಿ ಡ್ರಿಪ್ಪು ತೊಟ್ಟಿಕ್ಕಲು ಶುರುವಾಯಿತು.

“ಆವತ್ತ ನೀವು ನಕ್ಕಿದ್ರಿ ಸರ್,” ಅಂದ. “ಬರ್ರಿ, ಚಾ ಕುಡಿಯೂಣು.”